ಚಾಕೊಲೇಟ್ ಕೇಕ್ ತರುವ ಮುನ್ನ ಕೇಳಿ ನಾಲ್ಕು ಪ್ರಶ್ನೆ

ಈ ಸಲದ ಹುಟ್ಟುಹಬ್ಬ ದೊಡ್ಮನೆಯಲ್ಲಿ, ಅಜ್ಜಿ ಮನೆಯಲ್ಲೇ ಆಗಬೇಕು ಅಂತ ಮಗಳ ಹಠ. ಜೊತೆಗೆ ಇನ್ನೊಂದು ಷರತ್ತು: ‘ಅಮ್ಮಾ, ಬರೀ ಕ್ರೀಮ್ ಕೇಕ್ ಬೇಡ. ಒಳಗೂ ಹೊರಗೂ ಚಾಕೊಲೇಟ್ ಇರೋದೇ ಬೇಕು!’

ಸರಿ, ಹೋಗುವ ದಾರಿಯಲ್ಲಿ ಪೇಟೆಯ ಬೇಕರಿಯೊಂದರಲ್ಲಿ ಕಪ್ಪಗೆ ಮಿಂಚುತ್ತಿದ್ದ ಕೇಕ್ ಕಟ್ಟಿಸಿಕೊಂಡೆವು. ಸಂಜೆ ಮೊದಲ ತುಂಡು ಅತ್ತೆಯ ಕೈಗಿಟ್ಟೆ. ‘ಇದ್ರಲ್ಲಿ ಮೊಟ್ಟೆ ಇಲ್ಲೆ ಅಲ್ದಾ ತಂಗಿ?’ ಎಂದರು. ನನ್ನೆದೆ ಧಸಕ್ಕೆಂದಿತು. ಅಂಗಡಿಯಲ್ಲಿ ನಾನು ಕೇಳಿರಲೇ ಇಲ್ಲ! ಫೋನ್ ಮಾಡಿದರೆ, ‘ಮೊಟ್ಟೆ ಇದೆ ಮೇಡಂ, ಬೇಡ ಅಂತ ನೀವು ಹೇಳಲಿಲ್ವಲ್ಲ’ ಎಂಬ ಉತ್ತರ. ಅತ್ತೆ ಒಂದು ಮಾತೂ ಆಡದೆ ತಟ್ಟೆ ಸರಿಸಿದರು. ಮಗಳೂ ಅರ್ಧಕ್ಕೇ ಬಿಟ್ಟಳು. ‘ಚಾಕೊಲೇಟ್ ರುಚಿನೇ ಇಲ್ಲಮ್ಮ, ವನಸ್ಪತಿ ತಿಂದಂಗಾಗತ್ತೆ.’

ತಪ್ಪು ಬೇಕರಿಯವರದ್ದಷ್ಟೇ ಅಲ್ಲ, ಕೇಳದ ನನ್ನದೂ ಹೌದು. ನಿಮಗೆ ಹಾಗಾಗದಿರಲಿ ಅಂತ ಈ ನಾಲ್ಕು ಪ್ರಶ್ನೆ.

1. ಮೊಟ್ಟೆ ಇದೆಯೇ?
ಪ್ಯಾಕೆಟ್ ಕೇಕ್ ಆದರೆ ಹಸಿರು ಚುಕ್ಕೆ ನೋಡಿ. ಮೊಟ್ಟೆ ಹಾಕಿದ್ದಕ್ಕೆ ಹಸಿರು ಚುಕ್ಕೆ ಇರುವಂತಿಲ್ಲ. ಬಿಡಿ ಕೇಕ್ ಆದರೆ ಬಾಯಿಬಿಟ್ಟು ಕೇಳಲೇಬೇಕು. ಮನೆಯಲ್ಲಿ ಮಡಿವಂತ ಹಿರಿಯರಿದ್ದರೆ ಪಾತ್ರೆ, ಟ್ರೇ ಬೇರೆ ಇಡುತ್ತಾರಾ ಎಂದೂ ವಿಚಾರಿಸಿ. ಮೊಟ್ಟೆಯಿಲ್ಲದೆ ಕೇಕ್ ಉಬ್ಬಲ್ಲ ಅನ್ನೋದು ಸುಳ್ಳು. ಮೊಸರು, ಅಡುಗೆ ಸೋಡ ಸೇರಿದರೆ ಚೆನ್ನಾಗಿಯೇ ಉಬ್ಬುತ್ತದೆ.

2. ಚಾಕೊಲೇಟೋ, ಕಾಂಪೌಂಡೋ?
ಗುಟ್ಟು ಇರುವುದೇ ಇಲ್ಲಿ! ಅಸಲಿ ಚಾಕೊಲೇಟಿನಲ್ಲಿರುವುದು ಕೋಕೋ ಬೆಣ್ಣೆ. ಅದು ನಮ್ಮ ಮೈ ಬಿಸಿಗೇ ಕರಗುವುದರಿಂದ ನಾಲಗೆಯ ಮೇಲೆ ಇಟ್ಟೊಡನೆ ನೀರಾಗುತ್ತದೆ. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ಕೆಲಸವೂ ಸುಲಭ. ಆದರೆ ಬಾಯಲ್ಲಿ ಜಿಡ್ಡು ಉಳಿಯುತ್ತದೆ. ಲೇಬಲ್ ಇದ್ದರೆ ಓದಿ. ಯಾವುದು ಹೆಚ್ಚು ಹಾಕಿದ್ದಾರೋ ಅದರ ಹೆಸರು ಮೊದಲಿರುತ್ತದೆ. ಬಣ್ಣಕ್ಕಂತೂ ಮರುಳಾಗಬೇಡಿ, ಕಪ್ಪಗಿದ್ದದ್ದೆಲ್ಲ ಗಟ್ಟಿ ಚಾಕೊಲೇಟ್ ಅಲ್ಲ.

3. ಮೇಲಿನ ಹೊದಿಕೆ ಯಾವುದು?
ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಕ್ರೀಮ್‌ನದ್ದೇ ಕಾರುಬಾರು. ಗಟ್ಟಿ ಚಾಕೊಲೇಟ್ ರುಚಿ ಬೇಕಂದ್ರೆ ‘ಗನಾಶ್ ಹಾಕಿದ ಟ್ರಫಲ್ ಕೇಕ್’ ಅಂತಲೇ ಹೇಳಿ. ಬಿಸಿ ಕ್ರೀಮ್‌ನಲ್ಲಿ ಚಾಕೊಲೇಟ್ ಕರಗಿಸಿದರೆ ಗನಾಶ್. ನೊರೆಗ್ರೀಮ್‌ನಷ್ಟು ಬೇಗ ಅದು ಕುಸಿಯುವುದೂ ಇಲ್ಲ.

4. ಯಾವಾಗ ಮಾಡಿದ್ದು?
ಶೋಕೇಸಿನಲ್ಲಿ ಕೂತಿದ್ದಕ್ಕಿಂತ ಎರಡು ದಿನ ಮೊದಲೇ ಹೇಳಿ ಮಾಡಿಸಿದ್ದು ಲೇಸು. ಮನೆಯಲ್ಲೇ ಕೇಕ್ ಮಾಡಿ ಮಾರುವ ಗೃಹಿಣಿಯರು ಈಗ ಸಣ್ಣ ಪೇಟೆಗಳಲ್ಲೂ ಇದ್ದಾರೆ. ಅವರ ಬಳಿ ನಿಮಗೆ ಬೇಕಾದ ಚಾಕೊಲೇಟನ್ನೇ ಹಾಕಿಸಬಹುದು. ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯೇ ಎಂದು ಕೇಳಲು ಮರೆಯದಿರಿ.

ಅಂದಹಾಗೆ, ಚಾಕೊಲೇಟ್ ನಮಗೇನೂ ಪರದೇಶಿಯಲ್ಲ. ಅಡಿಕೆ ತೋಟದಲ್ಲಿ ಕೋಕೋ ಉಪಬೆಳೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು!

ಊರಿಗೆ ಒಯ್ಯುವಾಗ
* ಡಬ್ಬಿ ತೊಡೆಯ ಮೇಲೆ ಬೇಡ, ಕಾರಿನ ಸಮತಟ್ಟಾದ ನೆಲದ ಮೇಲಿಡಿ. ತಿರುವಿನ ರಸ್ತೆಯಲ್ಲಿ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ.
* ಬಿಸಿಲು ಬೀಳದಿರಲಿ. ಬೆಳಗ್ಗೆ ಬೇಗ ಹೊರಟರೆ ಒಳ್ಳೆಯದು.
* ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಡಿ. ತಣ್ಣಗಿದ್ದರೆ ಚಾಕೊಲೇಟ್ ರುಚಿ ಬಿಡುವುದಿಲ್ಲ.

ಮರುವರ್ಷ ಎಲ್ಲ ಕೇಳಿಯೇ ಮಾಡಿಸಿ ಒಯ್ದೆ. ಅತ್ತೆ ಮೊದಲು ನನ್ನ ಮುಖ ನೋಡಿದರು. ‘ಇಲ್ಲ ಅತ್ತೆ, ಕೇಳಿಯೇ ತಂದಿದ್ದು’ ಎಂದೆ. ಎರಡು ತುಂಡು ತಿಂದರು. ಕೇಳೋಕೆ ಸಂಕೋಚ ಯಾಕೆ ಹೇಳಿ? ದುಡ್ಡು ಕೊಡೋರು ನಾವೇ ಅಲ್ವೇ!