ಗಿರಾಕಿಯನ್ನು ಕಚ್ಚದ ಮೀನು: ಕಲಿಸಿ ಮಾರುವುದರ ಜೀವಶಾಸ್ತ್ರ

ಇವತ್ತಿನ ಸಂಚಿಕೆ ಶುರುವಾಗೋದು ಅಡಿಲೇಡ್‌ನ ಪ್ರಾಸ್ಪೆಕ್ಟ್‌ನ ನಮ್ಮ ಮನೆ ಬಾಗಿಲಲ್ಲಿ, ಮುಗಿಯೋದು ಸಮುದ್ರದ ತಳದಲ್ಲಿ.

ಒಂದು ಶನಿವಾರ ಮಧ್ಯಾಹ್ನ ಬೆಲ್ ಆಯ್ತು. ಬಾಗಿಲಲ್ಲಿ ಸೋಲಾರ್ ಮಾರುವ ಒಬ್ಬ ಹುಡುಗ, ಕೈಯಲ್ಲಿ ಟ್ಯಾಬ್ಲೆಟ್. ಮಾತು ಬಹಳ ಚೆನ್ನಾಗಿತ್ತು. ಆದರೆ ನಮ್ಮ ಕರೆಂಟ್ ಬಿಲ್ ಎಷ್ಟು ಅಂತ ಕೇಳಲಿಲ್ಲ, ಹಗಲು ಮನೆಯಲ್ಲಿ ಯಾರಿರ್ತಾರೆ ಅಂತ ಕೇಳಲಿಲ್ಲ, ಚಾವಣಿ ಯಾವ ದಿಕ್ಕಿಗಿದೆ ಅಂತ ತಲೆಯೆತ್ತಿಯೂ ನೋಡಲಿಲ್ಲ. ಹೇಳಿದ್ದು ಒಂದೇ: ಇವತ್ತೇ ಸಹಿ ಹಾಕಿದರೆ ರಿಯಾಯಿತಿ, ನಾಳೆ ಇರಲ್ಲ.

ಊರಿಂದ ಬಂದಿದ್ದ ಅಮ್ಮ ಒಳಗಿಂದ ನೋಡ್ತಾ ಇದ್ರು. ಅವನು ಹೋದ ಮೇಲೆ ಕೇಳಿದ್ರು, “ಇವ ಪುನಃ ಬರ್ತಾನಾ?”

“ಇಲ್ಲ ಅಮ್ಮ, ನಾಳೆ ಬೇರೆ ಬೀದಿಗೆ ಹೋಗ್ತಾನೆ.”

“ಹಾಗಾದ್ರೆ ಅವನಿಗೆ ಎಂಥ ಹೆದರಿಕೆ? ನಮ್ಮ ಪಿಗ್ಮಿಯವರು ದಿನಾ ಬರ್ತಿದ್ರು. ಮೋಸ ಮಾಡಿದ್ರೆ ಮರುದಿನ ಅದೇ ಬಾಗಿಲಿಗೆ ಮುಖ ತೋರಿಸ್ಬೇಕಿತ್ತಲ್ಲ!”

ಡಾಕ್ಟರೇಟ್ ಮಾಡಿಕೊಂಡ ನಮಗೆ ಹೊಳೆಯದ ವಿಷಯ ಉಡುಪಿಯ ಅಮ್ಮನಿಗೆ ಒಂದೇ ಮಾತಲ್ಲಿ ಹೊಳೆದಿತ್ತು. ಅವರು ಹೇಳಿದ್ದು ನಮ್ಮ ಕ್ಷೇತ್ರದ ಒಂದು ದೊಡ್ಡ ಪ್ರಶ್ನೆ: ಮೋಸದಿಂದ ಲಾಭ ಸಿಗುವಾಗಲೂ ಒಂದು ಜೀವಿ ಯಾಕೆ ನ್ಯಾಯವಾಗಿ ನಡೆದುಕೊಳ್ಳುತ್ತೆ?

ಉತ್ತರಕ್ಕೆ ಇದೇ ದೇಶದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋಗೋಣ. ಅಲ್ಲಿ ಕ್ಲೀನರ್ ರಾಸ್ ಅನ್ನೋ ಮೀನಿದೆ. ಬೆರಳುದ್ದದ್ದು, ಮೈಮೇಲೆ ಕಪ್ಪು ಪಟ್ಟೆ, ಬಾಲದ ಕಡೆ ನೀಲಿ. ಹವಳದ ನಡುವೆ ಒಂದು ಜಾಗ ಹಿಡಿದು ಅಕ್ಷರಶಃ ಅಂಗಡಿ ಇಡುತ್ತೆ. ದೊಡ್ಡ ಮೀನುಗಳು ಬಂದು ನಿಲ್ಲುತ್ತವೆ, ಇದು ಅವುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಗ್ರಟ್ಟರ್ 1990ರ ದಶಕದಲ್ಲಿ ಲಿಜರ್ಡ್ ದ್ವೀಪದ ಹತ್ತಿರ ಲೆಕ್ಕ ಹಾಕಿದಾಗ, ಒಂದು ಮೀನು ದಿನಕ್ಕೆ ಸುಮಾರು 1,200 ಪರಾವಲಂಬಿಗಳನ್ನು ತಿನ್ನುತ್ತಿತ್ತು.

ಇಲ್ಲೊಂದು ತೊಡಕಿದೆ. ಈ ಮೀನಿಗೆ ನಿಜವಾಗಿ ಇಷ್ಟ ಪರಾವಲಂಬಿ ಅಲ್ಲ, ಗಿರಾಕಿಯ ಮೈಮೇಲಿನ ಲೋಳೆ. ಅದನ್ನು ಕಚ್ಚಿದರೆ ಗಿರಾಕಿಗೆ ನಷ್ಟ. ಅಂದ್ರೆ ಅಂಗಡಿಯವನಿಗೆ ಪ್ರತಿ ಕ್ಷಣವೂ ಒಂದು ಆಸೆ: ಒಂದು ಬಾಯಿ ಕಚ್ಚಿಬಿಡಲಾ?

ಬಹುಪಾಲು ಸಲ ಕಚ್ಚಲ್ಲ. ಯಾಕಂದ್ರೆ ಕಚ್ಚಿಸಿಕೊಂಡ ಗಿರಾಕಿ ಸಿಟ್ಟಾಗಿ ಅಟ್ಟಿಸಿಕೊಂಡು ಬರಬಹುದು, ಇಲ್ಲವೇ ಪಕ್ಕದ ಅಂಗಡಿಗೆ ಹೋಗಬಹುದು. ಇನ್ನೂ ಸ್ವಾರಸ್ಯ ಅಂದ್ರೆ, ಕಾದು ನಿಂತವರೂ ನೋಡ್ತಿರ್ತಾರೆ. ರೆಡುವಾನ್ ಬ್ಶಾರಿ ಮತ್ತು ಗ್ರಟ್ಟರ್ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಿರಾಕಿ ಮೀನುಗಳು ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಕಣ್ಣಾರೆ ಕಂಡ ಕ್ಲೀನರ್‌ನ ಹತ್ತಿರವೇ ಹೆಚ್ಚು ಹೊತ್ತು ಕಳೆದವು. ಕ್ಲೀನರ್‌ಗಳೂ ಅಷ್ಟೇ. ಹಾಗೆ ಮಾಡಿದರೆ ಇನ್ನೊಬ್ಬ ಗಿರಾಕಿ ಸಿಗುವ ಪರಿಸ್ಥಿತಿಯಲ್ಲಿ, ಇಷ್ಟದ ತಿಂಡಿ ಬಿಟ್ಟು ಕಡಿಮೆ ಇಷ್ಟದ್ದನ್ನು ತಿನ್ನಲು ಕಲಿತವು.

ಅಂದ್ರೆ ನ್ಯಾಯವಾದ ವ್ಯಾಪಾರಕ್ಕೆ ಮೂರು ಬೇಕು. ಮತ್ತೆ ಮತ್ತೆ ಭೇಟಿ, ಬೇರೆ ಕಡೆ ಹೋಗುವ ಅವಕಾಶ, ನೋಡುವ ಕಣ್ಣು.

ಈಗ ಅಮ್ಮನ ಪಿಗ್ಮಿಗೆ ಬರೋಣ. ಟಿ.ಎಂ.ಎ. ಪೈ ಅವರೂ ಜೊತೆಗಾರರೂ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು. ಅದು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತ, ಏಜೆಂಟರು ಮನೆಗೆ ಬಂದು ಸಂಗ್ರಹಿಸ್ತಿದ್ರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನಕ್ಕೆ ಉಳಿತಾಯ ಅಂದ್ರೇನು ಅಂತ ಗೊತ್ತಾಗಿದ್ದು ಭಾಷಣದಿಂದಲ್ಲ, ದಿನದಿನ ಕೈಗೆ ಸಿಗ್ತಿದ್ದ ಆ ಲೆಕ್ಕದಿಂದ. ಪಿಗ್ಮಿಯವರೂ ಬಾಗಿಲು ತಟ್ಟುತ್ತಿದ್ದರು, ಸೋಲಾರ್ ಹುಡುಗನೂ ತಟ್ಟಿದ. ಒಬ್ಬರು ನಾಳೆ ಬರ್ತಾರೆ, ಇನ್ನೊಬ್ಬ ಬರಲ್ಲ. ವ್ಯತ್ಯಾಸ ಅಷ್ಟೇ, ಆದರೆ ಎಲ್ಲವೂ ಅದರಲ್ಲೇ ಇದೆ.

ಇನ್ನು ಸೋಲಾರ್ ವಿಷಯವನ್ನೇ ತಗೊಳ್ಳಿ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಲ್ಲಿ ಸೆಲ್ಕೋ ಶುರುಮಾಡಿದರು. ಸೀಮೆಎಣ್ಣೆ ಬುಡ್ಡಿಯಲ್ಲಿ ಬದುಕುವ ಮನೆಗಳಿಗೆ ಸೌರದೀಪ ಮಾರುವ ಕಂಪನಿ. ಬಡವರಿಗೆ ಇದನ್ನು ಕೊಳ್ಳಲೂ ಆಗಲ್ಲ, ನೋಡಿಕೊಳ್ಳಲೂ ಬರಲ್ಲ ಅನ್ನೋದು ಆಗಿನ ನಂಬಿಕೆ. ಇವರು ಮನೆಗೆ ಹೋಗಿ ಕೇಳಿದ್ದು: ಎಲ್ಲಿ ಅಡುಗೆ ಮಾಡ್ತೀರಿ, ಮಕ್ಕಳು ಎಲ್ಲಿ ಓದ್ತಾರೆ, ಎಣ್ಣೆಗೆ ಎಷ್ಟು ಖರ್ಚಾಗುತ್ತೆ? ಅದರ ಪ್ರಕಾರ ಎಷ್ಟು ದೀಪ ಬೇಕೋ ಅಷ್ಟೇ. ದೀಪ ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಸೇವಾಕೇಂದ್ರ.

ಹಂದೆ ಅವರು ಮತ್ತೆ ಮತ್ತೆ ಹೇಳುವ ಒಂದು ಪ್ರಸಂಗ ಇದೆ. ಬೀದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಆದರೆ ಸರಿ! ಗಣಿತದಲ್ಲಿ ಎರಡೂ ಒಂದೇ. ಆದರೆ ದಿನಗಳಿಕೆಯವರ ಬದುಕಲ್ಲಿ ಒಂದೇ ಅಲ್ಲ. ಇಲ್ಲಿ ಪಾಠ ಕಲಿತವರು ಮಾರುವವರು. ಆಮೇಲೆ ಅವರು ಅದೇ ಪಾಠವನ್ನು ಬ್ಯಾಂಕ್ ಮ್ಯಾನೇಜರ್‌ಗಳಿಗೆ ಹೇಳಿಕೊಟ್ಟರು, ಗಳಿಕೆಗೆ ಹೊಂದುವ ಕಂತಿನ ಸಾಲ ಕೊಡಿಸಿದರು. ಕಲಿಸುವ ಮೊದಲು ಕಲಿಯಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಗೊತ್ತಿಲ್ಲ. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

“ಗಿರಾಕಿಗೆ ಎಲ್ಲ ಕಲಿಸಿಬಿಟ್ಟರೆ, ಕಲಿತುಕೊಂಡು ಬೇರೆ ಅಂಗಡಿಗೆ ಹೋಗಲ್ವಾ?” ಅಂತ ನೀವು ಕೇಳಬಹುದು. ಕೆಲವರು ಹೋಗ್ತಾರೆ. ಅದು ನಿಜವಾದ ನಷ್ಟ, ಅದನ್ನು ಮುಚ್ಚಿಡೋದು ಬೇಡ. ಕಲಿಸೋದು ಅಂದ್ರೆ ಬಿಟ್ಟುಹೋಗುವ ಶಕ್ತಿಯನ್ನು ಗಿರಾಕಿಯ ಕೈಗೆ ನಾವೇ ಕೊಡೋದು. ಆದರೆ ಕಲಿಸಿದ ಮಾತಿಗೆ ಬೆಲೆ ಬರೋದೂ ಅದರಿಂದಲೇ. ಹೇಳುವವನಿಗೆ ಏನೂ ಖರ್ಚಾಗದ ಮಾತನ್ನು ಯಾರು ಬೇಕಾದರೂ ಹೇಳಬಹುದು. ನಷ್ಟವಾಗಬಹುದಾದರೂ ಹೇಳುವ ಮಾತು ನಂಬಿಕೆಗೆ ಯೋಗ್ಯ.

ಹಾಗಂತ ಪಾಠ ಮಾಡುವವರೆಲ್ಲ ಒಳ್ಳೆಯವರು ಅಂದುಕೋಬೇಡಿ. ಅದೇ ಸಮುದ್ರದಲ್ಲಿ ಕ್ಲೀನರ್‌ನದೇ ಬಣ್ಣ, ಅದೇ ಕುಣಿತ ಇರುವ ಇನ್ನೊಂದು ಮೀನಿದೆ, ಬ್ಲೆನ್ನಿ ಜಾತಿಯದ್ದು. ಹತ್ತಿರ ಬಂದು ಕೆಲವೊಮ್ಮೆ ರೆಕ್ಕೆ ಕಚ್ಚಿ ಓಡುತ್ತೆ. ‘ಉಚಿತ ಮಾಹಿತಿ ಶಿಬಿರ’ ಅಂತ ಕರೆದು ಕೊನೆಗೆ ಅರ್ಜಿ ನಮೂನೆ ಹಂಚುವವರನ್ನು ಕಂಡಾಗ ನಮಗೆ ಈ ಮೀನು ನೆನಪಾಗುತ್ತೆ. ಗುರುತಿಸೋದು ಹೇಗೆ? ಒಂದೇ ಪ್ರಶ್ನೆ ಸಾಕು: “ಇದು ಯಾರಿಗೆ ಬೇಡ?” ನಿಜವಾಗಿ ಕಲಿಸುವವರ ಹತ್ತಿರ ಉತ್ತರ ಇರುತ್ತೆ.

ಆಮೇಲೆ ನಾವು ಇನ್ನೊಬ್ಬ ಸೋಲಾರ್‌ನವರನ್ನು ಕರೆಸಿದ್ವಿ. ಅವರು ಮೊದಲು ಒಂದು ವರ್ಷದ ಬಿಲ್ ಕೇಳಿದರು. ಆಮೇಲೆ ನಮ್ಮ ತಲೆಯಲ್ಲಿದ್ದ ಒಂದು ತಪ್ಪನ್ನು ತಿದ್ದಿದರು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ, ಅಲ್ಲಿ ಫಲಕ ದಕ್ಷಿಣಕ್ಕೆ ಮುಖ ಮಾಡಬೇಕು. ಅಡಿಲೇಡ್ ದಕ್ಷಿಣಕ್ಕೆ ಸುಮಾರು 35 ಡಿಗ್ರಿ, ಇಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಹೋಗ್ತಾನೆ, ಹಾಗಾಗಿ ಫಲಕ ಉತ್ತರಕ್ಕೆ. ಜೀವಶಾಸ್ತ್ರಜ್ಞರಾದ ನಾವೇ ಊರಿನ ಅಭ್ಯಾಸದಲ್ಲಿ ದಕ್ಷಿಣ ಅಂದುಕೊಂಡಿದ್ವಿ! ಸಂಜೆ ಹೆಚ್ಚು ಬಳಸುವವರಿಗೆ ಪಶ್ಚಿಮದ ಚಾವಣಿಯೂ ಉಪಯೋಗ ಅಂದರು. ಕೊನೆಗೆ, “ನೀವು ಹಗಲು ಮನೆಯಲ್ಲಿರಲ್ಲ, ದೊಡ್ಡದು ಬೇಡ” ಅಂದರು. ಮಾರಾಟ ಚಿಕ್ಕದಾಯ್ತು. ನಾವು ಆಮೇಲೆ ಅವರ ನಂಬರನ್ನು ಮೂರು ಕನ್ನಡ ಮನೆಗಳಿಗೆ ಕೊಟ್ಟಿದ್ದೀವಿ. ನೋಡುವ ಕಣ್ಣು ಅಂದೆವಲ್ಲ, ಅದೇ.

ಕೊನೆಗೊಂದು ಮಾತು, ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ. ಬ್ಶಾರಿಯವರು ಕಂಡ ಹಾಗೆ, ಬೇರೆ ಅಂಗಡಿಗೆ ಹೋಗಲಾಗದ ಸ್ಥಳೀಯ ಮೀನುಗಳನ್ನು ಕ್ಲೀನರ್ ಕಾಯಿಸುತ್ತೆ, ಹೋಗಬಲ್ಲ ಮೀನಿಗೆ ಮೊದಲ ಸೇವೆ. ಭಾಷೆ, ನಿಯಮ ಗೊತ್ತಿಲ್ಲದ ವಲಸಿಗರು ಆ ಕಾಯುವ ಮೀನುಗಳ ಹಾಗೆ. ಆದ್ದರಿಂದ ನಿಯಮ ತಿಳಿದಿರಲಿ. ಯಾರಾದರೂ ಕರೆಯದೆ ಬಾಗಿಲಿಗೆ ಬಂದು, ಅಥವಾ ಫೋನ್ ಮಾಡಿ, 100 ಡಾಲರ್‌ಗಿಂತ ಹೆಚ್ಚಿನ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರೆ, ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ಅದನ್ನು ರದ್ದು ಮಾಡುವ ಹಕ್ಕು ನಿಮಗಿದೆ. ಹೋಗಿ ಅಂದರೆ ಅವರು ಹೋಗಲೇಬೇಕು.

ನೀವೇ ಅಂಗಡಿ ಇಟ್ಟವರಾದರೆ, ಟ್ಯೂಷನ್ನೋ ಟಿಫನ್ನೋ ತೆರಿಗೆ ಲೆಕ್ಕವೋ, ನಾಳೆ ಅದೇ ಬಾಗಿಲಿಗೆ ಮುಖ ತೋರಿಸಬೇಕು ಅಂದುಕೊಂಡು ಇವತ್ತು ಮಾತಾಡಿ. ಅಮ್ಮ ಹೇಳಿದ್ದು ಅಷ್ಟೇ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಾವೂ ಮತ್ತೆ ನಿಮ್ಮ ಬಾಗಿಲಿಗೇ ಬರಬೇಕಲ್ವಾ! ನಮಸ್ಕಾರ.