ಮೌನವಾಗಿ ಕುಳಿತ ಮಗು: ಪ್ರಾಥಮಿಕ ಶಾಲೆಯ ಗುರುಗಳ ಹೊಣೆ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ದಾರಿಯ ಎಡಬಲಗಳಲ್ಲಿ ಅನೇಕ ಹಳ್ಳಿಗಳೂ ತಾಂಡಾಗಳೂ ಇವೆ. ಅಂಥ ಒಂದು ಹಳ್ಳಿಯ ಸರಕಾರಿ ಶಾಲೆಯ ಮೂರನೆಯ ತರಗತಿಯನ್ನು ಕ್ಷಣಕಾಲ ಕಣ್ಣ ಮುಂದೆ ತಂದುಕೊಳ್ಳೋಣ. ಕೊನೆಯ ಸಾಲಿನಲ್ಲಿ ಒಬ್ಬ ಬಾಲಕ ಕುಳಿತಿದ್ದಾನೆ. ಕಳೆದ ವರ್ಷ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದವನು ಈ ವರ್ಷ ಹೆಸರು ಕೂಗಿದರೂ ತಲೆಯೆತ್ತುವುದಿಲ್ಲ. ಸೋಮವಾರ ಬಂತೆಂದರೆ "ಹೊಟ್ಟಿಬ್ಯಾನಿ ಆಗ್ಯಾದ್ರಿ ಸರ್" ಎನ್ನುತ್ತಾನೆ. ವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದಿದ್ದಾರೆ. ಸಹಪಾಠಿಗಳು ಅವನನ್ನು ಸೋಮಾರಿ ಎನ್ನುತ್ತಾರೆ. ಮಾಸ್ತರರಿಗೂ ಹಾಗೆಯೇ ತೋರುತ್ತದೆ. ಆದರೆ ದೀಪಾವಳಿ ಮುಗಿದೊಡನೆ ಅವನ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ, ಮನೆಯಲ್ಲಿ ಮುತ್ತ್ಯಾ ಮತ್ತು ಆಯಿ ಮಾತ್ರ ಇದ್ದಾರೆ ಎಂಬ ಸಂಗತಿ ಹಾಜರಿ ಪುಸ್ತಕದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಈ ಬಾಲಕ ಕಲ್ಪಿತನಾದರೂ ಇಂಥ ಮಕ್ಕಳು ಕಲ್ಪಿತರಲ್ಲ. ಅವರ ಹೊಟ್ಟೆಯ ನೋವು ಸುಳ್ಳೂ ಅಲ್ಲ. ದೊಡ್ಡವರು ದುಃಖವನ್ನು ಬಾಯಿಂದ ಹೇಳಿದರೆ ಮಕ್ಕಳು ಅದನ್ನು ದೇಹದಿಂದ ಹೇಳುತ್ತಾರೆ. ಆ ಭಾಷೆಯನ್ನು ಮೊದಲು ಓದಬಲ್ಲವರು ಹೆತ್ತವರು; ಅವರು ಬಳಿಯಿಲ್ಲದಾಗ, ಅಥವಾ ಅವರಿಗೂ ಅರ್ಥವಾಗದಾಗ, ಓದಬೇಕಾದವರು ಪ್ರಾಥಮಿಕ ಶಾಲೆಯ ಗುರುಗಳು.

ಎಂಟು ಮಕ್ಕಳಲ್ಲಿ ಒಬ್ಬರು

ಮಾನಸಿಕ ಆರೋಗ್ಯವೆಂದೊಡನೆ ನಮ್ಮ ಮನೆಗಳಲ್ಲಿ ಹುಚ್ಚು ಎಂಬ ಪದವೊಂದೇ ನೆನಪಿಗೆ ಬರುತ್ತದೆ. ಇದು ಬಹು ದೊಡ್ಡ ತಪ್ಪು ತಿಳಿವಳಿಕೆ. ಮಗು ತನ್ನ ವಯಸ್ಸಿಗೆ ತಕ್ಕಂತೆ ಕಲಿಯುವುದು, ಆಡುವುದು, ಗೆಳೆಯರೊಡನೆ ಬೆರೆಯುವುದು, ಸೋಲನ್ನು ತಾಳಿಕೊಳ್ಳುವುದು, ಅತ್ತು ಮತ್ತೆ ನಗುವುದು, ಇವೆಲ್ಲ ಸೇರಿದ್ದೇ ಮನಸ್ಸಿನ ಆರೋಗ್ಯ. ಬೆಂಗಳೂರಿನಲ್ಲಿ 16 ವರ್ಷದವರೆಗಿನ ಮಕ್ಕಳನ್ನು ಕುರಿತು ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡ 12.5ರಷ್ಟು ಮಕ್ಕಳಲ್ಲಿ ಮನಸ್ಸಿಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಕಂಡುಬಂದಿತು. ಅಂದರೆ ಎಂಟು ಮಕ್ಕಳಲ್ಲಿ ಒಬ್ಬರು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಈ ಪ್ರಮಾಣ ಶೇಕಡ 7.3 ಎಂದು ತಿಳಿಸಿತು. ಲೆಕ್ಕದ ರೀತಿ ಬೇರೆಯಾದಂತೆ ಅಂಕಿಯೂ ಬದಲಾಗುವುದು ಸಹಜ. ಆದರೂ ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಮೂವರಿಗೋ ಐವರಿಗೋ ವಿಶೇಷ ಗಮನ ಬೇಕಾಗಿರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಬಳ್ಳಾರಿ ಕಲಿಸಿದ ಪಾಠ

"ಇದು ತಜ್ಞರ ಕೆಲಸ, ಮಾಸ್ತರರಿಗೇನು ತಿಳಿದೀತು?" ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. 1982ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದ ಆ ದಿನಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಹಳ್ಳಿಗಳ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯನ್ನಿತ್ತು, ಮನೋರೋಗವನ್ನು ಗುರುತಿಸುವ ಮತ್ತು ಸರಳ ಚಿಕಿತ್ಸೆಗೆ ದಾರಿ ತೋರುವ ಹೊಣೆಯನ್ನು ಒಪ್ಪಿಸಲಾಯಿತು. ಆ ಪ್ರಯೋಗ ಫಲಿಸಿತು. ಅದರ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ರೂಪುಗೊಂಡಿತು.

ಬಳ್ಳಾರಿ ಕಲಿಸಿದ ಪಾಠ ಇಷ್ಟೆ: ತಜ್ಞರು ದೂರವಿರುವಾಗ, ಹತ್ತಿರದಲ್ಲಿರುವವರು ನೋಡಲು ಕಲಿಯಬೇಕು. ಮಗುವಿಗೆ ಗುರುವಿಗಿಂತ ಹತ್ತಿರದವರು ಮನೆಯ ಹೊರಗೆ ಬೇರಾರಿದ್ದಾರೆ? ರೋಗಕ್ಕೆ ಹೆಸರಿಡುವುದು ಅವರ ಕೆಲಸವಲ್ಲ. ಔಷಧ ಹೇಳುವುದಂತೂ ಅಲ್ಲವೇ ಅಲ್ಲ. ಗಮನಿಸುವುದು, ಆಲಿಸುವುದು, ಅಭಯ ನೀಡುವುದು, ಅಗತ್ಯವಿದ್ದರೆ ಬಲ್ಲವರ ಬಳಿಗೆ ಕಳುಹಿಸುವುದು, ಈ ನಾಲ್ಕು ಸಾಕು.

ನಮ್ಮ ನೆಲದ ಮಕ್ಕಳ ಕಷ್ಟಗಳು

ಬೀದರ ಜಿಲ್ಲೆ ಮೂರು ಭಾಷಾ ಪ್ರದೇಶಗಳು ಕೂಡುವ ಗಡಿ. ಒಂದೇ ತರಗತಿಯಲ್ಲಿ ಕನ್ನಡದ ಮಗು, ಮರಾಠಿಯ ಮಗು, ಉರ್ದು ಮನೆಮಾತಿನ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು ಒಟ್ಟಿಗೆ ಕುಳಿತಿರುವುದು ಇಲ್ಲಿ ಅಪರೂಪವಲ್ಲ. ಮನೆಯ ಮಾತೇ ಬೇರೆಯಾದ ಆರು ವರ್ಷದ ಮಗುವಿಗೆ ಶಾಲೆಯ ಮೊದಲ ತಿಂಗಳುಗಳು ಪರದೇಶದ ವಾಸದಂತೆ. ಅದು ಮಾತನಾಡದಿದ್ದರೆ ಮಂದಬುದ್ಧಿಯೆಂದು ತಿಳಿಯುವುದು ಅನ್ಯಾಯ.

ಮಾತೃಭಾಷೆಯಿಂದ ದೂರವಾಗುವ ಸಂಕಟವೆಂಥದೆಂಬುದನ್ನು ನಮ್ಮ ಹಿರಿಯರು ಬಲ್ಲರು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಡಾ. ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಆ ಪರಂಪರೆಯವರಾದ ನಾವು ಇಂದು ತಾಂಡಾದ ಮಗುವಿನ ಮೌನವನ್ನು ಅರಿಯದಿದ್ದರೆ ಹೇಗೆ? ಕನ್ನಡವನ್ನೇ ಇನ್ನೂ ಸರಿಯಾಗಿ ನುಡಿಯದ ನಮ್ಮದೇ ಕೂಸನ್ನು ಮೂರೂವರೆ ವರ್ಷಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ನೂಕಿ, ಮನೆಪಾಠವನ್ನೂ ಸೇರಿಸಿ, ಅದು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಬೈಯುವ ತಂದೆತಾಯಿಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಎರಡನೆಯದು ಗುಳೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ. ಜೊತೆಗೆ ಹೋದ ಮಗುವಿಗೆ ಶಾಲೆ ತಪ್ಪುತ್ತದೆ. ಊರಲ್ಲಿ ಉಳಿದ ಮಗುವಿಗೆ ತಾಯಿ ತಪ್ಪುತ್ತಾಳೆ. ಸಾಲದ ಚಿಂತೆ, ತಂದೆಯ ಕುಡಿತ, ರಾತ್ರಿಯ ಜಗಳ ಇವೆಲ್ಲವನ್ನೂ ಮಗು ಪಾಟಿಚೀಲದೊಡನೆ ಹೊತ್ತು ತರುತ್ತದೆ.

ಮೂರನೆಯದು ಕೊರೊನಾ ಕಾಲದ ಅನುಭವ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಸುಮಾರು ಹತ್ತೊಂಬತ್ತು ತಿಂಗಳು! ಶಾಲೆಯೆಂದರೆ ಪಾಠವಷ್ಟೇ ಅಲ್ಲ, ಗೆಳೆತನ, ಆಟ ಮತ್ತು ಬಿಸಿಯೂಟ ಕೂಡ ಹೌದು ಎಂಬುದನ್ನು ಆ ಅವಧಿ ಎಲ್ಲರಿಗೂ ಮನಗಾಣಿಸಿತು.

ಮೊದಲು ನೋಡಬೇಕಾದದ್ದು

ಮಗುವಿನ ನಡತೆಯಲ್ಲಿ ಇದ್ದಕ್ಕಿದ್ದಂತೆ ಉಂಟಾದ ಬದಲಾವಣೆಯೇ ಮೊದಲ ಸೂಚನೆ. ಮಾತುಗಾರ ಮೌನಿಯಾಗುವುದು, ಸಾಧು ಸ್ವಭಾವದವನು ಹೊಡೆದಾಟಕ್ಕಿಳಿಯುವುದು, ಕಾರಣವಿಲ್ಲದ ತಲೆನೋವು ಹೊಟ್ಟೆನೋವು, ಶಾಲೆಗೆ ಬರಲು ಅಂಜಿಕೆ, ಊಟ ಬಿಡುವುದು, ಆಟದಲ್ಲಿ ಆಸಕ್ತಿ ತಪ್ಪುವುದು, ಅಕ್ಷರ ಕೆಡುವುದು, ಕ್ಷುಲ್ಲಕ ಸಂಗತಿಗೆ ಅಳುವುದು. ಇವುಗಳಲ್ಲಿ ಒಂದೆರಡು ಒಂದೆರಡು ದಿನ ಕಂಡರೆ ಗಾಬರಿ ಬೇಡ. ವಾರಗಟ್ಟಲೆ ಮುಂದುವರಿದರೆ ಮಾತ್ರ ಅಲಕ್ಷಿಸಬಾರದು.

ಮನಸ್ಸಿನ ತೊಂದರೆಯೆಂದು ನಿರ್ಧರಿಸುವ ಮೊದಲು ದೇಹವನ್ನೂ ವಿಚಾರಿಸಬೇಕು. ಕರಿಹಲಗೆ ಕಾಣದ ಮಗು ಗಮನ ಕೊಡುವುದಿಲ್ಲವೆಂಬ ಅಪವಾದಕ್ಕೆ ಗುರಿಯಾಗುತ್ತದೆ. ಕಿವಿ ಸೋರಿ ಕೇಳಿಸುವುದು ಕಡಿಮೆಯಾದ ಮಗು ಹಟಮಾರಿಯೆನಿಸಿಕೊಳ್ಳುತ್ತದೆ. ರಕ್ತಹೀನತೆಯ ಮಗು ತೂಕಡಿಸುತ್ತದೆ. ಪಾಠದ ನಡುವೆ ಕೆಲವು ಕ್ಷಣ ದೃಷ್ಟಿ ನೆಟ್ಟು ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಬರೆಯತೊಡಗುವ ಮಗು ಹಗಲುಗನಸು ಕಾಣುತ್ತಿರಲಿಕ್ಕಿಲ್ಲ. ಅದು ಚಿಕಿತ್ಸೆಗೆ ಮಣಿಯುವ ಒಂದು ಬಗೆಯ ಮೂರ್ಛೆರೋಗವಾಗಿರಬಹುದು. ಬುದ್ಧಿ ಚುರುಕಾಗಿದ್ದೂ ಓದು ಬರಹ ಮಾತ್ರ ಹತ್ತದ ಮಕ್ಕಳಿರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂಥ ಕಲಿಕಾ ನ್ಯೂನತೆಯನ್ನು 21 ವಿಧಗಳಲ್ಲಿ ಒಂದೆಂದು ಮಾನ್ಯ ಮಾಡಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡವು ತಪಾಸಣೆಗೆ ಶಾಲೆಗೆ ಬಂದಾಗ ಇಂಥ ಮಕ್ಕಳ ಹೆಸರನ್ನು ಗುರುಗಳೇ ಮೊದಲಾಗಿ ಮುಂದಿಡಬೇಕು.

ತರಗತಿಯಲ್ಲಿ ಮಾಡಬಹುದಾದದ್ದು

ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ಕುರಿತು ಬರೆದ 'ತೊತ್ತೋ ಚಾನ್' ಕನ್ನಡದಲ್ಲಿಯೂ ಬಂದಿದೆ. ಹಿಂದಿನ ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿಯೊಬ್ಬಳನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯರು ಮೊದಲ ದಿನ ಎದುರಿಗೆ ಕೂರಿಸಿಕೊಂಡು, ನಾಲ್ಕು ತಾಸು ಅವಳ ಮಾತನ್ನು ಕೇಳುತ್ತಾರೆ, ಒಮ್ಮೆಯೂ ಆಕಳಿಸುವುದಿಲ್ಲ. ನಮ್ಮ ಶಾಲೆಗಳಲ್ಲಿ ನಾಲ್ಕು ತಾಸು ಎಲ್ಲಿಂದ ಬರಬೇಕು? ಆದರೆ ದಿನಕ್ಕೊಂದು ಮಗುವಿಗೆ ನಾಲ್ಕು ನಿಮಿಷ ಕೊಡಬಹುದು. ನಲವತ್ತು ಮಕ್ಕಳಿದ್ದರೂ ಎರಡು ತಿಂಗಳೊಳಗೆ ಪ್ರತಿಯೊಬ್ಬರ ಸರದಿ ಬಂದೇ ಬರುತ್ತದೆ. "ಇವತ್ತು ಏನು ಉಂಡು ಬಂದಿ? ರಾತ್ರಿ ನಿದ್ದೆ ಹತ್ತಿತೇನು? ಯಾರ ಜೊತೆ ಆಡಿದಿ?" ಎಂಬ ಮೂರು ಪ್ರಶ್ನೆಗಳು ಸಾಕು, ಉಳಿದದ್ದನ್ನು ಮಗುವೇ ಹೇಳುತ್ತದೆ.

ಹೇಳಿದ್ದನ್ನು ತರಗತಿಯ ಮುಂದೆ ಹರಡದಿರುವುದು ಗುರುವಿನ ಧರ್ಮ. ತಪ್ಪನ್ನು ಏಕಾಂತದಲ್ಲಿ ತಿದ್ದಬೇಕು, ಒಪ್ಪನ್ನು ಎಲ್ಲರೆದುರು ಮೆಚ್ಚಬೇಕು. "ನೀನು ದಡ್ಡ" ಎನ್ನುವುದಕ್ಕೂ "ಈ ಲೆಕ್ಕ ತಪ್ಪಾಗಿದೆ" ಎನ್ನುವುದಕ್ಕೂ ಭೂಮಿ ಆಕಾಶಗಳ ಅಂತರವಿದೆ. ಮೊದಲನೆಯ ಮಾತು ಮಗುವಿಗೆ ತಗಲುತ್ತದೆ, ಎರಡನೆಯದು ಲೆಕ್ಕಕ್ಕೆ ಮಾತ್ರ. ಮೌನವಾಗಿರುವ ಮಗುವಿಗೆ ಸೀಮೆಸುಣ್ಣ ಹಂಚುವ, ಗಿಡಕ್ಕೆ ನೀರು ಹಾಕುವ ಕೆಲಸ ಒಪ್ಪಿಸಿದರೆ ತಾನೂ ಬೇಕಾದವನೆಂಬ ಭಾವ ಮೂಡುತ್ತದೆ. ದಿನದ ಕ್ರಮ ನಿಶ್ಚಿತವಾಗಿದ್ದಷ್ಟೂ ಅಸ್ಥಿರವಾದ ಮನೆಯಿಂದ ಬಂದ ಮಗುವಿಗೆ ನೆಮ್ಮದಿ.

ಈ ಕೆಲಸಕ್ಕೆ ನಮ್ಮಲ್ಲಿ ಆಗಲೇ ಸಾಧನಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತದೆ. ಹಾಡು, ಕಥೆ, ಗುಂಪುಗಳ ನಡುವೆ ಗುರುಗಳಿಗೆ ಪ್ರತಿ ಮಗುವಿನ ಮುಖ ನೋಡುವ ಅವಕಾಶವಿರುತ್ತದೆ. 2002ರಲ್ಲಿ ಬೀದರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದೇ ಹೆಸರು. ಪಂಕ್ತಿಯಲ್ಲಿ ಯಾರು ಒಂಟಿಯಾಗಿ ಕೂಡುತ್ತಾರೆ, ಯಾರನ್ನು ಯಾರು ದೂರ ಸರಿಸುತ್ತಾರೆ ಎಂಬುದನ್ನು ಊಟದ ಹೊತ್ತಿನಲ್ಲಿ ಕಂಡಷ್ಟು ಪಾಠದ ಹೊತ್ತಿನಲ್ಲಿ ಕಾಣಲಾಗದು. ಜಾತಿಯ ಕಾರಣದಿಂದ ಮಗುವೊಂದು ದೂರ ಕುಳಿತಿದ್ದರೆ ಅದನ್ನು ಆ ಕ್ಷಣವೇ ಸರಿಪಡಿಸುವುದಕ್ಕಿಂತ ಮಿಗಿಲಾದ ಮನೋಚಿಕಿತ್ಸೆ ಇನ್ನೊಂದಿಲ್ಲ.

ಬೆತ್ತದ ಮಾತು

"ಛಡಿ ಇಲ್ಲದೆ ವಿದ್ಯೆ ಹತ್ತದು" ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಕೆಲವು ಪಾಲಕರೇ "ಎರಡು ಬಾರಿಸಿರಿ ಸರ್, ನಾವೇನೂ ಅನ್ನುವುದಿಲ್ಲ" ಎನ್ನುವುದುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಕಾಯಿದೆಗಿಂತ ದೊಡ್ಡ ಕಾರಣ ಬೇರೆಯಿದೆ. ಅಂಜಿದ ಮಗು ಸುಮ್ಮನಾಗುತ್ತದೆಯೇ ಹೊರತು ಕಲಿಯುವುದಿಲ್ಲ. ಸುಮ್ಮನಾದ ಮಗು ನಾಳೆ ತನಗೆ ನಿಜವಾದ ಆಪತ್ತು ಬಂದಾಗಲೂ ಬಾಯಿ ಬಿಡುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪ್ರತಿಯೊಬ್ಬರ ಕಡ್ಡಾಯ ಕರ್ತವ್ಯ. ಊರ ಮಾನ, ಮನೆತನದ ಮಾನ ಎಂದು ಅದನ್ನು ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಇದಕ್ಕಾಗಿಯೇ ಇದೆ.

ಮನೆಯೂ ಶಾಲೆಯೂ ಕೈಗೂಡಲಿ

ಗುರುಗಳು ಒಬ್ಬರೇ ಎಲ್ಲವನ್ನೂ ಮಾಡಲಾರರು. ಶಾಲೆಯಿಂದ ಕರೆ ಬಂದೊಡನೆ "ನಮ್ಮ ಮಗನಿಗೆ ಏನಾಗಿದೆ? ಹುಚ್ಚು ಹಿಡಿದಿದೆಯೇ?" ಎಂದು ಪಾಲಕರು ಸಿಟ್ಟಾಗುವುದು ತರವಲ್ಲ. ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು ಇವುಗಳಲ್ಲಿಯೇ ತಿಂಗಳುಗಳನ್ನು ಕಳೆದು ಮಗುವಿನ ವರ್ಷವನ್ನು ಹಾಳುಮಾಡುವುದು ಇನ್ನೂ ತರವಲ್ಲ. ಗುರುಗಳೂ ದೂರು ಹೇಳುವ ಧಾಟಿಯನ್ನು ಬಿಟ್ಟು, ಮೊದಲು ಮಗುವಿನ ಒಂದು ಒಳ್ಳೆಯ ಗುಣವನ್ನು ಹೇಳಿ, ಆಮೇಲೆ ಚಿಂತೆಯ ವಿಷಯವನ್ನು ತಿಳಿಸಿದರೆ ತಾಯಿಯ ಮನಸ್ಸು ತೆರೆಯುತ್ತದೆ. ಗುಳೆ ಹೋದ ತಂದೆತಾಯಿಗಳೊಡನೆ ವಾರಕ್ಕೊಮ್ಮೆ ಮಗುವನ್ನು ದೂರವಾಣಿಯಲ್ಲಿ ಮಾತನಾಡಿಸುವ ಏರ್ಪಾಟನ್ನು ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಸುಲಭವಾಗಿ ಮಾಡಬಹುದು.

ಇಷ್ಟರಿಂದಲೂ ಸುಧಾರಣೆ ಕಾಣದಿದ್ದರೆ, ಅಥವಾ ಮಗು ಸಾಯುವ ಮಾತನಾಡಿದರೆ, ತಡಮಾಡಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಬಹುದು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಪ್ರತಿ ಶಾಲೆಯೂ ತರಿಸಿಡಬೇಕು.

ಗುರುಗಳ ಮನಸ್ಸಿನ ಮಾತನ್ನೂ ಮರೆಯಬಾರದು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬರು ಶಿಕ್ಷಕರಿರಬೇಕೆಂದು ಕಾಯಿದೆ ಹೇಳುತ್ತದೆ. ಖಾಲಿ ಹುದ್ದೆ, ಹಲವು ತರಗತಿಗಳ ಭಾರ, ಲೆಕ್ಕಪತ್ರಗಳ ಕಾಟ ಇವುಗಳ ನಡುವೆ ಬಳಲಿದ ಮಾಸ್ತರರಿಂದ, ಮನೆಗೆಲಸ ಮುಗಿಸಿ ಮೊದಲ ಬಸ್ಸು ಹಿಡಿದು ಬಂದ ಅಕ್ಕೋರಿಂದ ತಾಳ್ಮೆಯನ್ನಷ್ಟೇ ಬೇಡುವ ಸಮಾಜ, ಅವರಿಗೆ ಗೌರವವನ್ನೂ ನೆರವನ್ನೂ ಕೊಡಬೇಕು. ಬತ್ತಿದ ಬಾವಿಯಿಂದ ಎಷ್ಟು ಕೊಡ ನೀರು ಸೇದಲಾದೀತು?

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದ ಅನುಭವ ಮಂಟಪದಲ್ಲಿ ಕಾಯಕದವರೂ ಮಹಿಳೆಯರೂ ತಮ್ಮ ಮನದ ಮಾತನ್ನು ಅಂಜದೆ ಆಡಿದರು. ಆಡುವವರಿದ್ದರು ಎಂಬುದಷ್ಟೇ ಅಲ್ಲ, ಆದರದಿಂದ ಕೇಳುವವರಿದ್ದರು ಎಂಬುದೂ ಅದರ ಹಿರಿಮೆ. ನಮ್ಮ ಪ್ರತಿಯೊಂದು ಪ್ರಾಥಮಿಕ ಶಾಲೆಯ ತರಗತಿಯೂ ಅಂಥದೊಂದು ಪುಟ್ಟ ಮಂಟಪವಾಗಬಲ್ಲದು. ಕೊನೆಯ ಸಾಲಿನ ಆ ಬಾಲಕ ಹೊಟ್ಟೆನೋವೆಂದಾಗ ಗುರುಗಳು ಅವನ ಪಕ್ಕ ಒಂದು ಗಳಿಗೆ ಕುಳಿತು, "ಅವ್ವನ ನೆನಪಾಯಿತೇನಪ್ಪಾ?" ಎಂದು ಕೇಳಿದರೆ ಸಾಕು. ಅವನು ಅಳಬಹುದು. ಅಳಲಿ. ಅತ್ತ ಮೇಲೆ ತಲೆಯೆತ್ತಿ ಕರಿಹಲಗೆಯನ್ನು ನೋಡುತ್ತಾನೆ.