ಕಳ್ಳ ವೋಚರು ಮತ್ತು ಜೀವಕೋಶದ ಆಡಿಟರು

1957ನೆಯ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ನಡೆದವು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರೂ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಉಣುಗುಗಳ ಕಡಿತದಿಂದ ಹರಡುವ ಹೊಸದೊಂದು ವೈರಸ್ಸನ್ನು ಗುರುತಿಸಿದರು. ಮಲೆನಾಡಿನವರು 'ಮಂಗನ ಕಾಯಿಲೆ' ಅನ್ನುವುದು ಇದಕ್ಕೇ. ಅದೇ ವರ್ಷ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ವೈರಸ್ಸಿನ ಸಂಪರ್ಕಕ್ಕೆ ಬಂದ ಜೀವಕೋಶಗಳು ಒಂದು ವಸ್ತುವನ್ನು ಹೊರಬಿಟ್ಟು ಬೇರೆ ಕೋಶಗಳನ್ನು ಕಾಪಾಡುತ್ತವೆ ಅಂತ ತೋರಿಸಿಕೊಟ್ಟರು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಒಳಗೆ ಬಂದದ್ದು ವೈರಸ್ಸು ಅಂತ ಜೀವಕೋಶಕ್ಕೆ ತಿಳಿಯುವುದಾದರೂ ಹೇಗೆ?

ಇದು ಅಷ್ಟು ಸುಲಭದ ಪ್ರಶ್ನೆಯಲ್ಲ. ನಮ್ಮ ವಂಶವಾಹಿ ಲಿಪಿ ಡಿ.ಎನ್.ಎ. ರೂಪದಲ್ಲಿ ಕೋಶಕೇಂದ್ರದೊಳಗಿದೆ; ಸುಮಾರು 300 ಕೋಟಿ ಅಕ್ಷರಗಳಷ್ಟು. ಅದರಿಂದ ಆರ್.ಎನ್.ಎ. ಎಂಬ ನಕಲು ಪ್ರತಿಗಳು ಹೊರಬಂದು ಪ್ರೊಟೀನು ತಯಾರಿಗೆ ಆಜ್ಞೆ ಕೊಡುತ್ತವೆ. ಮಂಗನ ಕಾಯಿಲೆಯ ವೈರಸ್ಸೂ ಒಂದು ಆರ್.ಎನ್.ಎ. ಎಳೆಯೇ, ಸುಮಾರು 11 ಸಾವಿರ ಅಕ್ಷರ ಮಾತ್ರ. ನಮ್ಮದೂ ನಾಲ್ಕೇ ಅಕ್ಷರ, ಅದರದೂ ಅದೇ ನಾಲ್ಕು. ಹೀಗಿರುವಾಗ ಓದಿ ನೋಡಿ 'ಇದು ಪರಕೀಯ' ಅನ್ನುವುದು ಸಾಧ್ಯವಿಲ್ಲ.

ಕಾಮರ್ಸ್ ಓದುವ ನನಗೆ ಇದು ಆಡಿಟಿಂಗ್ ಪಾಠದ ಹಾಗೆಯೇ ಕಂಡಿತು. ಆಡಿಟರು ಪ್ರತಿಯೊಂದು ವೋಚರಿನ ಹಿಂದಿನ ಕತೆಯನ್ನೆಲ್ಲ ಕೇಳುತ್ತ ಕೂರುವುದಿಲ್ಲ. ಸಹಿ ಇದೆಯೇ, ಮೊಹರು ಇದೆಯೇ, ಇರಬೇಕಾದ ಫೈಲಿನಲ್ಲಿ ಇದೆಯೇ ಅಂತ ನೋಡುತ್ತಾರೆ. ಜೀವಕೋಶವೂ ಮಾಡುವುದು ಇಷ್ಟೇ. ವಿಷಯಕ್ಕಿಂತ ಲಕ್ಷಣ ನೋಡುತ್ತದೆ.

ಮೊದಲನೆಯ ಲಕ್ಷಣ ಮೊಹರು. ನಮ್ಮ ಆಜ್ಞೆ ಹೊತ್ತ ಆರ್.ಎನ್.ಎ.ಯ ತುದಿಗೆ ಕೋಶಕೇಂದ್ರದಲ್ಲೇ ಒಂದು ಟೋಪಿ ತೊಡಿಸುತ್ತಾರೆ. ಎಷ್ಟೋ ವೈರಸ್ಸುಗಳ ಆರ್.ಎನ್.ಎ.ಗೆ ಆ ಟೋಪಿ ಇರುವುದಿಲ್ಲ. ತುದಿಯಲ್ಲಿ ಮೂರು ಫಾಸ್ಫೇಟುಗಳು ಬರಿದಾಗಿ ನಿಂತಿರುತ್ತವೆ. ಇಂಥ ಬರಿತುದಿಯನ್ನು ಹಿಡಿಯಲು ರಿಗ್-ಐ ಎಂಬ ಪ್ರೊಟೀನು ಕಾದಿರುತ್ತದೆ. ಎರಡನೆಯದು ಜೋಡಿ ಎಳೆ. ನಮ್ಮ ಆರ್.ಎನ್.ಎ. ಬಹುಮಟ್ಟಿಗೆ ಒಂಟಿ ಎಳೆ. ಆದರೆ ಆರ್.ಎನ್.ಎ. ವೈರಸ್ಸು ತನ್ನ ಪ್ರತಿ ತೆಗೆಯಬೇಕಾದರೆ ಮೊದಲು ವಿರುದ್ಧ ಎಳೆ ನೇಯಬೇಕು. ಆಗ ಎರಡೂ ಹೆಣೆದುಕೊಂಡು ಉದ್ದನೆಯ ಜೋಡಿ ಎಳೆಯಾಗುತ್ತದೆ. ಇದನ್ನು ಹಿಡಿಯುವುದು ಎಂ.ಡಿ.ಎ.-5 ಎಂಬ ಇನ್ನೊಂದು ಪ್ರೊಟೀನು. ಮೂರನೆಯದು ಜಾಗ. ಡಿ.ಎನ್.ಎ. ಇರಬೇಕಾದ್ದು ಕೋಶಕೇಂದ್ರ ಮತ್ತು ಮೈಟೋಕಾಂಡ್ರಿಯಾದೊಳಗೆ. ಅದರ ಹೊರಗೆ ಕಂಡರೆ ಸಿ-ಗ್ಯಾಸ್ ಎಂಬ ಕಾವಲುಗಾರ ಕೂಗೆಬ್ಬಿಸುತ್ತಾನೆ.

ರಿಗ್-ಐ, ಎಂ.ಡಿ.ಎ.-5 ಕೊಟ್ಟ ದೂರು ಮೈಟೋಕಾಂಡ್ರಿಯಾದ ಹೊರಮೈಯಲ್ಲಿರುವ ಮ್ಯಾವ್ಸ್ ಎಂಬ ಪ್ರೊಟೀನಿಗೆ ತಲುಪುತ್ತದೆ. ಅಲ್ಲಿಂದ ಕೋಶಕೇಂದ್ರಕ್ಕೆ ಸುದ್ದಿ; ಇಂಟರ್‌ಫೆರಾನ್ ತಯಾರಿ ಶುರು. ಹೊರಬಂದ ಇಂಟರ್‌ಫೆರಾನನ್ನು ಕಂಡ ಪಕ್ಕದ ಕೋಶಗಳು ನೂರಾರು ರಕ್ಷಕ ಪ್ರೊಟೀನುಗಳನ್ನು ಸಿದ್ಧಮಾಡಿಕೊಳ್ಳುತ್ತವೆ. ಕೆಲವು ಆರ್.ಎನ್.ಎ.ಯನ್ನೇ ಕತ್ತರಿಸಿ ಹಾಕುತ್ತವೆ, ಕೆಲವು ಪ್ರೊಟೀನು ತಯಾರಿಯನ್ನೇ ನಿಲ್ಲಿಸಿಬಿಡುತ್ತವೆ. ನೆರೆಮನೆಯಲ್ಲಿ ಕಳ್ಳತನವಾದ ಸುದ್ದಿ ಕೇಳಿ ನಾವು ಬಾಗಿಲಿಗೆ ಅಗಳಿ ಹಾಕುತ್ತೇವಲ್ಲ, ಹಾಗೆ. ವೈರಸ್ ಜ್ವರದಲ್ಲಿ ಬರುವ ಮೈಕೈ ನೋವು, ಸುಸ್ತು ಇವುಗಳಲ್ಲಿ ಬಹುಪಾಲು ಈ ಇಂಟರ್‌ಫೆರಾನು ಮತ್ತು ಅದರ ಜೊತೆಗಾರರ ಗಲಾಟೆಯೇ.

ಸರಿ, ಇಷ್ಟೆಲ್ಲ ಕಾವಲಿದ್ದರೂ ಮಂಗನ ಕಾಯಿಲೆ ಜನರನ್ನು ಕೊಲ್ಲುವುದು ಹೇಗೆ? ಅಲ್ಲೇ ಇರುವುದು ಕಳ್ಳನ ಜಾಣತನ. ಈ ವೈರಸ್ಸು ಫ್ಲೇವಿವೈರಸ್ ಕುಲದ್ದು. ಈ ಕುಲದ ವೈರಸ್ಸುಗಳಲ್ಲಿ ಎನ್.ಎಸ್.-5 ಎಂಬ ಒಂದು ಪ್ರೊಟೀನು ಇದೆ. ಅದು ಆರ್.ಎನ್.ಎ.ಯ ಪ್ರತಿ ತೆಗೆಯುತ್ತದೆ. ನಮ್ಮದರಂತೆಯೇ ಕಾಣುವ ಟೋಪಿಯನ್ನೂ ತೊಡಿಸುತ್ತದೆ, ಅಂದರೆ ಮೊಹರನ್ನೇ ಖೋಟಾ ಮಾಡುತ್ತದೆ. ಸಾಲದ್ದಕ್ಕೆ ಇಂಟರ್‌ಫೆರಾನ್ ತಂದ ಸಂದೇಶ ಕೋಶದೊಳಕ್ಕೆ ಮುಟ್ಟದಂತೆ ಅಡ್ಡಹಾಕುತ್ತದೆ. ಜೋಡಿ ಎಳೆಯನ್ನು ಕೋಶದ ಪೊರೆಗಳಿಂದಾದ ಚೀಲಗಳ ಒಳಗೆ ಬಚ್ಚಿಡುವುದೂ ಉಂಟು. ಕೋಶ ಎಚ್ಚರವಾಗುವುದು ತಡವಾದಷ್ಟೂ ವೈರಸ್ಸಿಗೆ ಬೆಳೆಯಲು ಕಾಲ ಸಿಗುತ್ತದೆ. ಗೆಲ್ಲುವುದು ಯಾರು ಅನ್ನುವುದು ಎಷ್ಟೋ ಸಲ ಈ ಮೊದಲ ಗಂಟೆಗಳ ಲೆಕ್ಕ.

ಹಾಗಂತ ಕಾವಲನ್ನು ಸುಮ್ಮನೆ ಬಿಗಿಮಾಡಿದರೂ ಆಗದು. ಅತಿ ಅನುಮಾನದ ಆಡಿಟರು ಸ್ವಂತ ಕಂಪನಿಯನ್ನೇ ಮುಚ್ಚಿಸಿಬಿಟ್ಟಾರು! ತನ್ನದೇ ಡಿ.ಎನ್.ಎ., ಆರ್.ಎನ್.ಎ.ಯನ್ನು ಪರಕೀಯವೆಂದು ತಿಳಿದು ಇಂಟರ್‌ಫೆರಾನು ಉಕ್ಕುವುದು ಲೂಪಸ್ಸಿನಂಥ ರೋಗಗಳಲ್ಲಿ ಕಾಣುತ್ತದೆ.

ಇದೆಲ್ಲ ಮಲೆನಾಡಿನ ಸುದ್ದಿ, ಚೆನ್ನೈಯಲ್ಲಿರುವ ನಮಗೇಕೆ ಎನ್ನಬೇಡಿ. ಮಳೆಗಾಲ ಬಂತೆಂದರೆ ಇಲ್ಲಿ ಕಾಡುವ ಡೆಂಗೆಯ ವೈರಸ್ಸು ಇದೇ ಕುಲದ್ದು. ಉಣುಗಿನ ಬದಲು ಸೊಳ್ಳೆ, ಅಷ್ಟೇ. ಅದಕ್ಕೂ ಎನ್.ಎಸ್.-5 ಇದೆ, ಅದೂ ಇದೇ ಕಳ್ಳಾಟ ಆಡುತ್ತದೆ. ಎರಡಕ್ಕೂ ವೈರಸ್ಸನ್ನೇ ಕೊಲ್ಲುವ ಖಚಿತ ಔಷಧಿ ಇಲ್ಲ. ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯೂ ಪರಿಣಾಮ ಸಾಲದೆ 2022ರಲ್ಲಿ ನಿಂತುಹೋಯಿತು. ಜ್ವರದ ಮೊದಲ ದಿನಗಳಲ್ಲಿ ರೋಗಿಯ ಪರವಾಗಿ ಹೋರಾಡುವುದು ಹೆಚ್ಚಾಗಿ ಈ ಕಣ್ಣಿಗೆ ಕಾಣದ ಆಡಿಟರುಗಳೇ. ಅವರ ಕೆಲಸ ಹಗುರಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ: ಊರಲ್ಲಿ ಬೇಸಿಗೆಗೆ ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಂಡು ಹೋಗಲಿ, ಇಲ್ಲಿ ನಾವು ಹಾಸ್ಟೆಲಿನ ಬಕೆಟ್ಟು, ಹೂಕುಂಡಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲೋಣ.